ಫಾಟಾದಲ್ಲಿ ಕೈಯೆತ್ತಿದ ಹೆಂಗಸು

ಕಥೆ ಬರೆಯುವವರಿಗೆ ತಮ್ಮ ಕಥೆಯನ್ನು ಜನ ನಂಬಲಿ ಎಂಬ ಆಸೆ ಇದ್ದೇ ಇರುತ್ತದೆ. ನಮಗೂ ಇತ್ತು. ಆ ಆಸೆ ಈಡೇರಿದ್ದೇ ನಮ್ಮಲ್ಲೊಬ್ಬಳಿಗೆ ಮುಳುವಾಯಿತು. ಅದನ್ನು ನೆನೆದಾಗ ನನಗೆ ಇವತ್ತಿಗೂ ಮೊದಲು ಸಂಕಟವಾಗುತ್ತದೆ, ಆಮೇಲೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಿದರೆ ಒಂದೊಂದು ದಿನ ಒಂದೊಂದು ಉತ್ತರ ಕೊಡುತ್ತೇನೆ.

ಉಮರ್ಗಾದ ಬಜಾರಿನಲ್ಲಿ ಒಂದು ಬಟ್ಟೆ ಅಂಗಡಿ, ಅದರ ಮಾಳಿಗೆಯ ಮೇಲೆ ಬಟ್ಟೆಯ ಥಾನುಗಳನ್ನು ಒಟ್ಟಿಡುವ ಕೋಣೆ. ಅಂಗಡಿಗೆ ಸೂಟಿ ಇದ್ದ ದಿನ, ತಿಂಗಳಿಗೊಮ್ಮೆ, ಅಲ್ಲಿ ನಾವು ಐದು ಜನ ಕೂತು ಒಬ್ಬರ ಕಥೆ ಒಬ್ಬರು ಕೇಳುತ್ತಿದ್ದೆವು. ಅಂಗಡಿಯ ಮಾಲೀಕರು ನಮ್ಮ ಮನೆಯವರ ಹಳೆಯ ಗೆಳೆಯರು, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವವರು. ನಗೆ ಕಥೆ ಎಂದರೆ ಅವರಿಗೆ ಪ್ರಾಣ. ಓದುವಾಗ ಮಾತ್ರ ಕೇಳುವವರಿಗಿಂತ ಮೊದಲು ತಾವೇ ನಕ್ಕು ಎಲ್ಲಾ ಹಾಳು ಮಾಡುವರು. ಎರಡನೆಯವರು ಉದಗೀರದ ಕಾಲೇಜಿನ ಪ್ರಾಧ್ಯಾಪಕರು. ನಿಲಂಗಾದಲ್ಲಿ ಗಾಡಿ ಬದಲಿಸಿ, ಧೂಳು ಜಾಡಿಸಿಕೊಳ್ಳುತ್ತ ಬರುತ್ತಿದ್ದರು. ಅವರಿಗೆ ಪತ್ತೇದಾರಿ ಕಥೆಯ ಹುಚ್ಚು. ಮೂರನೆಯವರು ಸರ್ಕಾರಿ ಬಸ್ಸಾದ ಎಸ್‌ಟಿಯಲ್ಲಿ ಡ್ರೈವರ್ ಆಗಿದ್ದು ನಿವೃತ್ತರಾದವರು. ಊರೆಲ್ಲ ಅವರಿಗೆ ಮಾಮಾ ಎನ್ನುತ್ತದೆ, ನಾವೂ ಹಾಗೇ ಅನ್ನುತ್ತಿದ್ದೆವು. ನಾಲ್ಕನೆಯವಳು ಒಬ್ಬ ನರ್ಸ್, ನಮ್ಮೆಲ್ಲರಿಗಿಂತ ಚಿಕ್ಕವಳು, ಪ್ರೇಮಕಥೆ ಬರೆಯುವವಳು. ಐದನೆಯವಳು ನಾನು, ಬಸವಕಲ್ಯಾಣದ ಕಡೆಯಿಂದ ಸೊಸೆಯಾಗಿ ಬಂದು, ಗಂಡನ ಕಿರಾಣಿ ಅಂಗಡಿಯ ಗಲ್ಲೆಯ ಮೇಲೆ ಕೂತು ಕೂತು ಜನರ ಬಾಯಿ ನೋಡುವುದನ್ನು ಕಲಿತವಳು.

ಐವರಲ್ಲಿ ಕನ್ನಡ ಅಕ್ಷರ ಬರುತ್ತಿದ್ದದ್ದು ನನಗೊಬ್ಬಳಿಗೇ. ಉಳಿದವರೆಲ್ಲ ಮರಾಠಿ ಶಾಲೆಯಲ್ಲಿ ಕಲಿತವರು. ಮನೆಯಲ್ಲಿ ಆಡುವುದು ಕನ್ನಡ, ಬರೆಯಲು ಗೊತ್ತಿರುವುದು ಮರಾಠಿಯ ಬಾಳಬೋಧ ಅಕ್ಷರ. ಹಾಗಾಗಿ ನಮ್ಮ ಕಥೆಗಳ ಮಾತು ಕನ್ನಡ, ಅಕ್ಷರ ಮರಾಠಿ. ಅವನ್ನು ಅಚ್ಚು ಮಾಡುವವರು ಗಡಿಯ ಈ ಕಡೆಯೂ ಇರಲಿಲ್ಲ, ಆ ಕಡೆಯೂ ಇರಲಿಲ್ಲ. ಕೇಳುವವರೇ ನಮ್ಮ ಓದುಗರು, ಅದಕ್ಕೇ ನಾವು ಬರೆಯುವುದಕ್ಕಿಂತ ಹೇಳುವುದರಲ್ಲಿ ಪಳಗಿದೆವು.

ಯಾರು ಯಾವ ಬಗೆಯ ಕಥೆ ಬರೆಯಬೇಕು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದೆವು. ಅಂಗಿಯ ಗುಂಡಿ ಹಾಕಿಡುವ ಡಬ್ಬಿಯಲ್ಲಿ ಐದು ಚೀಟಿ: ಪ್ರೇಮ, ಪತ್ತೇದಾರಿ, ನಗೆ, ಭೂತ, ಮುಂದಿನ ಕಾಲದ್ದು. ಯಾರಿಗೆ ಬರಬಾರದೋ ಅವರಿಗೇ ಅದು ಬರುತ್ತಿತ್ತು. ನನಗೆ ಪ್ರೇಮ ಬಂದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದನ್ನು ನಾನಿನ್ನೂ ಮರೆತಿಲ್ಲ.

ಇನ್ನೊಂದು ನಿಯಮವನ್ನು ಪ್ರಾಧ್ಯಾಪಕರು ಹಾಕಿದ್ದರು. ಶುರುವಿನಲ್ಲಿ ನಮ್ಮ ಕಥೆಗಳೆಲ್ಲ ಎಲ್ಲೆಲ್ಲೋ ನಡೆಯುತ್ತಿದ್ದವು. ಪುಣೆ ದಾಟಿ ಹೋಗದ ಅಂಗಡಿ ಮಾಲೀಕರ ನಗೆ ಕಥೆ ಲಂಡನ್ನಿನಲ್ಲಿ ನಡೆಯಿತು. ನರ್ಸ್ ಹುಡುಗಿಯ ಪ್ರೇಮಿಗಳು ಕಾಶ್ಮೀರದ ಹಿಮದಲ್ಲಿ ಚಪ್ಪಲಿ ಹಾಕಿಕೊಂಡು ಓಡಾಡಿದರು. ಅವತ್ತು ಪ್ರಾಧ್ಯಾಪಕರು ಕೈ ಮುಗಿದು, "ಸಾಕ್ರೀ ಇದು. ನಮ್ಮ ಎಸ್‌ಟಿ ಹೋಗು ರಸ್ತಾದ ಮ್ಯಾಲೇ ಕಥಿ ನಡೀಬೇಕು. ಊರಿನ ಹೆಸರು ಹೇಳಬೇಕು. ಕೇಳಿದಾಂವಗ ಹೌದು, ಈ ಜಾಗಾ ನಾ ನೋಡೀನಿ ಅನಸಬೇಕು," ಎಂದರು. ನಾವು ಒಪ್ಪಿದೆವು. ನಿಜಕ್ಕೂ ಆಮೇಲೆ ಕಥೆಗಳು ಸುಧಾರಿಸಿದವು. ಮುರುಮದ ಕಬ್ಬಿನ ಗಾಡಿ, ಯೆಣೆಗೂರಿನ ಢಾಬಾ, ಉದಗೀರದ ಕೋಟೆಯ ಗೋಡೆ ಎಲ್ಲ ಬಂದವು.

ಆ ಸಲ ಭೂತದ ಚೀಟಿ ಮಾಮಾಗೆ ಬಂತು.

ಮಾಮಾ ಹಾಳೆ ತರಲಿಲ್ಲ. ಥಾನಿಗೆ ಬೆನ್ನು ಕೊಟ್ಟು, ಸ್ಟಿಯರಿಂಗ್ ಹಿಡಿದವರ ಹಾಗೆ ಎರಡೂ ಕೈ ಮುಂದೆ ಇಟ್ಟುಕೊಂಡು, ತಮಗೇ ಆದದ್ದು ಎಂಬಂತೆ ಹೇಳಿದರು. ಯೆಣೆಗೂರ ಬಿಟ್ಟು ದಾಳಿಂಬದ ಕಡೆ ಬರುವಾಗ ಒಂದು ಫಾಟಾ ಬರುತ್ತದೆ, ಹೆದ್ದಾರಿಯಿಂದ ಒಳಗಿನ ಹಳ್ಳಿಗೆ ತಿರುಗುವ ಜಾಗ. ಹೊತ್ತು ಮುಳುಗುವಾಗ ಅಲ್ಲಿ ಹಸಿರು ಸೀರೆಯ ಒಬ್ಬ ಹೆಂಗಸು ಒಬ್ಬಳೇ ನಿಂತು ಕೈಯೆತ್ತುತ್ತಾಳೆ. ಗಾಡಿ ನಿಲ್ಲಿಸಿದರೆ ಹತ್ತಿ, ಹಳೇ ಊರಿಗೆ ಒಂದು ಟಿಕೀಟು ಕೊಡು ಎಂದು ಕಂಡಕ್ಟರನಿಗೆ ಕೇಳುತ್ತಾಳೆ. ಹಳೇ ಊರು ಭೂಕಂಪದಲ್ಲಿ ನೆಲಕಚ್ಚಿ ಎಷ್ಟೋ ಕಾಲವಾಗಿದೆ, ಹೊಸ ಊರನ್ನು ಬೇರೆ ಕಡೆ ಕಟ್ಟಿದ್ದಾರೆ. ಹಳೇ ಊರು ಈಗ ಇಲ್ಲ ತಾಯಿ ಎಂದರೆ, ನೀವು ನಡೀರಿ, ನಾ ತೋರಸ್ತೀನಿ ಎನ್ನುತ್ತಾಳೆ. ಉಮರ್ಗಾ ಸ್ಟ್ಯಾಂಡಿಗೆ ಬಂದು ನೋಡಿದರೆ ಸೀಟು ಖಾಲಿ, ಸೀಟಿನ ಮೇಲೆ ಒಂದು ಹಿಡಿ ಮಣ್ಣು. ಮರುದಿನ ಅದೇ ಫಾಟಾ, ಅದೇ ಹೆಂಗಸು, ಅದೇ ಕೈ. ಆ ದಿನ ಗಾಡಿ ನಿಲ್ಲಿಸಲಿಲ್ಲ. ದಾಟಿ ಬಂದು ಕನ್ನಡಿ ನೋಡಿದರೆ ಆಕೆ ಹಿಂದಿನ ಸೀಟಿನಲ್ಲಿ ಕೂತಿದ್ದಾಳೆ.

"ಜಿಂದಗಿ ಪೂರಾ ಗಾಡಿ ಹೊಡದೀನಿ," ಎಂದು ಮಾಮಾ ಮುಗಿಸಿದರು. "ನನ್ನ ಮಾತು ಕೇಳ್ರಿ. ಹೊತ್ತು ಮುಳಗೂ ಟೈಮಿನ್ಯಾಗ ಆ ಫಾಟಾದ ಮ್ಯಾಲ ಒಬ್ಬಾಕಿ ಹೆಣ್ಮಗಳು ಕೈ ಮಾಡಿದ್ರ ನಿಂದರ್ಸಬ್ಯಾಡ್ರಿ."

ಮಧ್ಯಾಹ್ನದ ಮೂರು ಗಂಟೆ. ಕೆಳಗೆ ಬಜಾರಿನಲ್ಲಿ ಆಟೋ ಹಾರ್ನು. ಆದರೂ ನನ್ನ ಕೈ ಮೇಲಿನ ಕೂದಲು ನಿಂತವು. ಮೊದಲು ಚಪ್ಪಾಳೆ ಹೊಡೆದವಳು ನರ್ಸ್ ಹುಡುಗಿಯೇ. "ಮಾಮಾ, ನಾ ದಿನಾ ಸಂಜಿಗಿ ಅಲ್ಲೇ ನಿಂದರ್ತೀನಲ್ಲ, ಇನ್ನ ನನಗೇ ನನ್ನ ಅಂಜಿಕಿ ಬರ್ತದ," ಎಂದು ನಕ್ಕಳು. ಮಾಮಾ ಉಬ್ಬಿದರು. ನಾನೂ, ಇದು ನಮ್ಮ ಬೈಠಕಿನ ಎಲ್ಲಕ್ಕಿಂತ ಒಳ್ಳೆಯ ಕಥೆ ಎಂದೆ. ಹಾಗೆ ಅಂದದ್ದು ಸುಳ್ಳಲ್ಲ.

ಆಕೆ ಅಲ್ಲಿ ದಿನಾ ನಿಲ್ಲುತ್ತಿದ್ದದ್ದೂ ನಿಜ. ಆ ಫಾಟಾದ ಒಳಗಿನ ಹಳ್ಳಿಯ ದವಾಖಾನೆಯಲ್ಲಿ ಆಕೆಗೆ ನೌಕರಿ, ಅದೂ ಕಂತ್ರಾಟಿ. ವರ್ಷ ವರ್ಷ ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮನೆ ಉಮರ್ಗಾದಲ್ಲಿ. ಬೆಳಿಗ್ಗೆ ಹೋಗಿ, ಸಂಜೆ ಫಾಟಾದವರೆಗೆ ನಡೆದುಬಂದು, ಸೊಲ್ಲಾಪುರದ ಕಡೆಯಿಂದ, ದಿನಕ್ಕೊಬ್ಬ ಡ್ರೈವರನ ಕೈಯಲ್ಲಿ ಬರುವ ಎಸ್‌ಟಿಗೆ ಕೈ ಮಾಡುವಳು. ಆಕೆಯ ಮಾವ ಮನೆಗೆ ದೊಡ್ಡವರು, ಕೆಟ್ಟವರಲ್ಲ, ಆದರೆ ಹಟಮಾರಿ. ನೌಕರಿಗೆ ಕಳಿಸುವಾಗ ಒಂದೇ ಷರತ್ತು ಹಾಕಿದ್ದರು: ದೇವರ ಮುಂದೆ ದೀಪ ಹಚ್ಚುವುದರೊಳಗೆ ಸೊಸೆ ಮನೆಯಲ್ಲಿರಬೇಕು. ಆಕೆ ಅದನ್ನು ತಪ್ಪದೆ ನಡೆಸಿಕೊಂಡು ಬಂದಿದ್ದಳು. ಒಮ್ಮೆ ನಮ್ಮ ಅಂಗಡಿಗೆ ಬೇಳೆ ತಗೊಳ್ಳಲು ಬಂದಾಗ, "ಅಕ್ಕಾ, ಆ ಊರಾಗ ನಾ ಸಿಸ್ಟರ್. ಬಸುರಿ ಹೆಣ್ಮಕ್ಕಳು ನನ್ನ ದಾರಿ ಕಾಯ್ತಾರ. ಈ ನೌಕರಿ ಹೋದ್ರ ಮನ್ಯಾಗ ನಾ ಬರೇ ಸೊಸಿ," ಎಂದಿದ್ದಳು. ನಾನೂ ಒಬ್ಬ ಸೊಸೆಯೇ. ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವತ್ತು ಅಂಗಡಿ ಮಾಲೀಕರು ಮಾಮಾ ಹೇಳಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು. ಅವರ ಹೆಂಡತಿ ಮುರುಮದ ತವರಿಗೆ ಹೋಗಿದ್ದರು, ಅವರಿಗೆ ಕೇಳಿಸಬೇಕೆಂದು. ಕೇಳಿಸಿದರು. ಆಕೆ ಅಕ್ಕತಂಗಿಯರಿಗೆ ಕಳಿಸಿದರು, ಅವರು ಇನ್ನಾರಿಗೋ. ಎಲ್ಲೋ ಒಂದು ಕಡೆ ಯಾರೋ ಪುಣ್ಯಾತ್ಮರು ಶುರುವಿನ ಭಾಗ, ಚೀಟಿ ಎತ್ತಿ ನಾವೆಲ್ಲ ನಗುವ ಭಾಗ, ಕತ್ತರಿಸಿ ಹಾಕಿದರು. ಉಳಿದದ್ದು ಒಬ್ಬ ಮುದಿ ಡ್ರೈವರನ ಗಟ್ಟಿ ದನಿ, ಊರಿನ ಹೆಸರು, ಫಾಟಾದ ಗುರುತು, ಕಡೆಗೆ ಒಂದು ಎಚ್ಚರಿಕೆ.

ಆ ದನಿಯನ್ನು ನನಗೆ ಮೊದಲು ಕೇಳಿಸಿದ್ದು ನಮ್ಮ ಅಂಗಡಿಗೆ ಸಕ್ಕರೆ ತಗೊಳ್ಳಲು ಬಂದ ಒಬ್ಬ ಗಿರಾಕಿ. "ವೈನಿ, ಕೇಳ್ರಿ ಇದು, ಮೈ ಜುಮ್ ಅಂತದ," ಎಂದು ಮೊಬೈಲನ್ನು ನನ್ನ ಕಿವಿಗೆ ಹಿಡಿದ. ನಾನು ನಕ್ಕುಬಿಟ್ಟೆ. ಇದು ಕಥೆ, ನಮ್ಮ ಮಾಮಾ ಕಟ್ಟಿದ್ದು, ನಾನು ಅಲ್ಲೇ ಕೂತಿದ್ದೆ ಎಂದೆ. ಅವನು ನನ್ನನ್ನೇ ಪಾಪ ಎನ್ನುವಂತೆ ನೋಡಿದ. "ನಿಮಗೇನು ಗೊತ್ತು ವೈನಿ. ಡ್ರೈವರ್ ಸ್ವತಃ ಹೇಳ್ಯಾನ. ನಮ್ಮ ಸಡ್ಡಕನ ಕಡಿಯಾಂವೊಬ್ಬಾಂವ ಆ ಹೆಂಗಸಿಗಿ ನೋಡ್ಯಾನ ಅಂತ." ಕಥೆ ಹುಟ್ಟಿ ಇನ್ನೂ ವಾರವಾಗಿರಲಿಲ್ಲ, ಆಗಲೇ ನೋಡಿದವರೂ ಹುಟ್ಟಿದ್ದರು.

ಮುಂದಿನ ಬೈಠಕಿಗೆ ನರ್ಸ್ ಹುಡುಗಿ ಬಂದಾಗ ಮೊದಮೊದಲು ನಗುತ್ತಲೇ ಹೇಳಿದಳು. ಸಂಜೆ ಎಸ್‌ಟಿ ನಿಲ್ಲುತ್ತಿಲ್ಲ. ದೂರದಿಂದ ನೋಡಿ ವೇಗ ಜಾಸ್ತಿ ಮಾಡುತ್ತಾರೆ. ಶೇರ್ ಆಟೋದವರು ಹೊತ್ತಿರುವಾಗಲೇ ಮನೆಗೆ ಮರಳುತ್ತಾರೆ. ಹಸಿರು ಸೀರೆ ಉಡುವುದು ಬಿಟ್ಟು ಹಳದಿ ಉಟ್ಟು ನಿಂತಳಂತೆ. ಆ ಹೊತ್ತಿನಲ್ಲಿ ಯಾವ ಬಣ್ಣವಾದರೇನು, ಕೈಯೆತ್ತಿದ ಹೆಂಗಸು ಹೆಂಗಸೇ. ಈಗ ಭೂತ ಸೀರೆ ಬದಲಿಸಿದೆ ಎಂದು ಇನ್ನೊಂದು ಸುದ್ದಿ ಹಬ್ಬಿತು. ಇಷ್ಟು ಹೇಳುವವರೆಗೆ ನಗು ಇತ್ತು. ಆಮೇಲೆ, "ಮೊನ್ನಿ ನಮ್ಮ ಮನಿಯವರೇ ಮೋಟರ್‌ಸೈಕಲ್ ತಗೊಂಡು ಬಂದು ಕರಕೊಂಡು ಹೋದ್ರು. ಮನಿಗಿ ಹೋಗೂದ್ರಾಗ ದೀಪ ಹಚ್ಚಿತ್ತು. ಮಾವ ಏನೂ ಅನಲಿಲ್ಲ. ಏನೂ ಅನಲಿಲ್ಲ ಅಕ್ಕಾ, ಅದೇ ಹೆದರಿಕಿ," ಎಂದು ಸೆರಗಿನ ತುದಿ ಸುತ್ತತೊಡಗಿದಳು.

ನಾವು ಐದೂ ಜನ ಕಥೆ ಕಟ್ಟುವವರು. ಒಂದು ಕಥೆಯನ್ನು ಬಿಚ್ಚುವುದು ಹೇಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ನಾನು ಮಾಮಾಗೆ ನೇರವಾಗಿ ಹೇಳಿದೆ: ಅದೇ ಮೊಬೈಲಿನಲ್ಲಿ, ಅದೇ ದನಿಯಲ್ಲಿ, ಇದೆಲ್ಲ ಸುಳ್ಳು, ನಾನೇ ಕಟ್ಟಿದ್ದು ಎಂದು ಹೇಳಿರಿ. ಮಾಮಾ ಮೊಬೈಲನ್ನು ಪಕ್ಕಕ್ಕೆ ಸರಿಸಿದರು. "ಪೂರಾ ಸುಳ್ಳು ಅಂತ ಹ್ಯಾಂಗ ಹೇಳಲಿ ವೈನಿ? ನಮ್ಮಕ್ಕ ಆ ಹಳೇ ಊರಾಗೇ ಇದ್ದಳು. ಆಕೀನೇ ನೆನಸಿ ಕಟ್ಟೀನಿ," ಎಂದರು. ಆ ಅಕ್ಕ ಭೂಕಂಪದಲ್ಲಿ ಗೋಡೆಯಡಿ ಸಿಕ್ಕು ಸತ್ತವಳು. ಇಷ್ಟು ದಿನ ಜೊತೆಗೆ ಕೂತು ಚಹಾ ಕುಡಿದಿದ್ದರೂ ನಮಗೆ ಯಾರಿಗೂ ಇದು ಗೊತ್ತಿರಲಿಲ್ಲ. ನನಗೆ ಅವರ ಮೇಲೆ ಕರುಣೆ ಬಂತು, ಆದರೆ ಎದುರಿಗೆ ಸೆರಗು ಸುತ್ತುತ್ತ ಕೂತವಳು ಬದುಕಿರುವವಳು. ಹೇಳಲೇಬೇಕು ಎಂದು ಪಟ್ಟು ಹಿಡಿದೆ.

ಹೇಳಿದರು. ಆದರೆ ಸುಳ್ಳು ಎಂಬ ಮಾತು ಬರುವಾಗ ತಡವರಿಸಿದರು. ಎರಡು ಸಲ ಕೆಮ್ಮಿದರು. ಕಥೆ ಹೇಳುವಾಗ ಸ್ಟಿಯರಿಂಗ್ ಹಿಡಿದು ಗರ್ಜಿಸಿದ ದನಿ, ಸುಳ್ಳು ಎನ್ನುವಾಗ ಕಳ್ಳನ ದನಿಯಾಯಿತು. ಅದನ್ನೂ ಎಲ್ಲರಿಗೂ ಕಳಿಸಿದೆವು. ಮೂರನೇ ದಿನ ನಮ್ಮ ಗಲ್ಲೆಯ ಮುಂದೆಯೇ ತೀರ್ಪು ಬಂತು. "ಬಿಚಾರಾ ಮಾಮಾ! ಯಾರೋ ದಬಾಯಿಸಿ ಹೇಳಸ್ಯಾರ. ದನಿ ಕೇಳ್ರಿ, ಎಷ್ಟು ಅಂಜ್ಯಾನ." ನಾನು ಬೇಳೆ ತೂಗುವುದನ್ನು ಬಿಟ್ಟು ಜಗಳಕ್ಕೆ ನಿಂತೆ. ನನ್ನ ಯಜಮಾನರು ನನ್ನನ್ನು ಒಳಗೆ ಕಳಿಸಿದರು.

ಪ್ರಾಧ್ಯಾಪಕರು ತಮ್ಮ ಬತ್ತಳಿಕೆಯಿಂದ ಪತ್ತೇದಾರಿ ಕಥೆ ತೆಗೆದರು. ಅದರಲ್ಲಿ ಒಬ್ಬ ಇನ್ಸ್‌ಪೆಕ್ಟರ್ ಬಂದು ಫಾಟಾದ ಭೂತವನ್ನು ಪತ್ತೆ ಹಚ್ಚಿ, ಮಣ್ಣು ಎಲ್ಲಿಂದ ಬಂತು, ಸೀಟು ಹೇಗೆ ಖಾಲಿಯಾಯಿತು ಎಂದು ಒಂದೊಂದಾಗಿ ಬಿಡಿಸಿ ಹೇಳುತ್ತಾನೆ. ಜಾಣತನದ ಕಥೆ, ಅದನ್ನೂ ಮೊಬೈಲಿನಲ್ಲಿ ಹರಡಿದೆವು. ಅರ್ಧದವರೆಗೂ ಯಾರೂ ಕೇಳಲಿಲ್ಲ. ಅಂಗಡಿ ಮಾಲೀಕರು ನಗೆ ಕಥೆ ಮಾಡಿದರು: ಕುಡುಕನೊಬ್ಬ ಎಮ್ಮೆಯನ್ನು ಭೂತವೆಂದು ತಿಳಿದು ಅದಕ್ಕೆ ಟಿಕೀಟು ಕೊಡುವುದು. ಅದು ಚೆನ್ನಾಗಿ ಓಡಿತು. ದಾಳಿಂಬ, ಮುರುಮ, ನಿಲಂಗಾದವರೆಗೂ ಜನ ನಕ್ಕರು. ನಕ್ಕು ಕಣ್ಣೊರೆಸಿಕೊಂಡು, ಇದೇನೋ ಮಜಾಕು, ಆದರೆ ಆ ಫಾಟಾದ್ದು ಮಾತ್ರ ಖರೇ ಎಂದರು.

ಒಂದು ಸಂಜೆ ನಾವೆಲ್ಲ ಸೇರಿ ಫಾಟಾಕ್ಕೇ ಹೋದೆವು. ತಗಡಿನ ಶೆಡ್ಡಿನ ಮುಂದೆ ಐದೂ ಜನ ಸಾಲಾಗಿ ನಿಂತು, ಮಧ್ಯದಲ್ಲಿ ನರ್ಸ್ ಹುಡುಗಿಯನ್ನು ನಿಲ್ಲಿಸಿಕೊಂಡು ಕೈಯೆತ್ತಿದೆವು. ಎಸ್‌ಟಿ ನಿಂತಿತು. ಅಂಗಡಿ ಮಾಲೀಕರು ಗೆದ್ದವರಂತೆ ಒಳಗೆಲ್ಲ ಕಣ್ಣಾಡಿಸಿ, "ನೋಡ್ರೀ, ಎಲ್ಲಿ ಅದ ಭೂತ?" ಎಂದರು. ಕಂಡಕ್ಟರ್ ತಣ್ಣಗೆ ಟಿಕೀಟು ಹರಿಯುತ್ತ, "ಐದು ಮಂದಿ ನಿಂತಲ್ಲಿ ಅದ್ಯಾಕ ಬರ್ತದ್ರೀ ಸಾವಕಾರ್ರ? ಅದು ಒಬ್ಬಾಕೀನೇ ಇರ್ತದ," ಎಂದ. ಗಾಡಿಯ ಜನ ಹೌದು ಹೌದು ಎಂದರು. ಮರುದಿನ ಆಕೆ ಒಬ್ಬಳೇ ನಿಂತಾಗ ಗಾಡಿ ನಿಲ್ಲಲಿಲ್ಲ.

ಅವತ್ತು ರಾತ್ರಿ ಆಕೆಯ ಮಾವ ಮಾತಾಡಿದರು. ಇನ್ನೊಂದು ಸಲ ತಡವಾದರೆ ನೌಕರಿ ಬಿಡಬೇಕು, ಅಷ್ಟೇ. ಗಂಡನಿಗೆ ಟ್ರ್ಯಾಕ್ಟರ್ ರಿಪೇರಿಯ ಕೆಲಸ. ಸಂಜೆ ಅಂಗಡಿ ಮುಚ್ಚಿಕೊಂಡು ದಿನಾ ಹೋಗಿ ಕರೆತರುವುದು ಅವನಿಂದ ಆಗದು. ಅವನೂ ಬೇಸತ್ತಿದ್ದ. ಆಕೆ ಇದನ್ನೆಲ್ಲ ನನಗೆ ಫೋನಿನಲ್ಲಿ ಹೇಳಿದಳು, ಅಳಲಿಲ್ಲ. ಅತ್ತವಳು ನಾನು. ಆಮೇಲೆ ಮಾಮಾರ ಮನೆಗೆ ಹೋಗಿ ಕಟ್ಟೆಯ ಮೇಲೆ ಕೂತು, ಈಗ ಏನು ಮಾಡುತ್ತೀರೋ ಮಾಡಿರಿ, ನಿಮ್ಮ ಕಥೆ ಆ ಹುಡುಗಿಯ ಅನ್ನಕ್ಕೆ ಕೈ ಹಾಕಿದೆ ಎಂದೆ.

ಮಾಮಾರ ಮುಖ ಸಣ್ಣದಾಯಿತು. ಆದರೆ ಅವರೇ ದಾರಿಯನ್ನೂ ಹುಡುಕಿದರು. ಮರುದಿನ ಸಂಜೆ ಆ ದಾರಿಯ ಗಾಡಿ ತರುವ ಡ್ರೈವರ್ ಅವರ ಕೈಕೆಳಗೆ ಪಳಗಿದ ಹುಡುಗ. ಮಾಮಾ ಡಿಪೋಕ್ಕೆ ಹೋಗಿ ಅವನನ್ನು ಕೇಳಿದರು. ಅವನು, "ನೀವೇ ನಿಂದರ್ಸಬ್ಯಾಡ್ರಿ ಅಂತ ಹೇಳೀರಿ ಮಾಮಾ. ನೀವೇ ಗಾಡಿಯಾಗ ಕುಂತು ನಿಂದರ್ಸು ಅಂದ್ರ ನಿಂದರ್ಸತೀನಿ. ಒಂದ್ಸಲ ನಿಂತಿತು ಅಂದ್ರ ಎಲ್ಲಾರ್ದೂ ಅಂಜಿಕಿ ಹೋಗ್ತದ," ಎಂದನಂತೆ. ನನಗೆ ಇದು ಸರಿ ಎನಿಸಿತು. ಕಥೆ ಕಟ್ಟಿದವರೇ ಗಾಡಿಯಲ್ಲಿ ಕೂತು, ಜನರೆದುರು, ಒಬ್ಬಳೇ ನಿಂತ ಹೆಂಗಸಿಗಾಗಿ ಗಾಡಿ ನಿಲ್ಲಿಸಿದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ನಾನೇ ನರ್ಸ್ ಹುಡುಗಿಗೆ ಫೋನು ಮಾಡಿ, ನಾಳೆ ಮಾಮಾ ಗಾಡಿಯಲ್ಲಿರುತ್ತಾರೆ, ನಾನೂ ಇರುತ್ತೇನೆ, ಧೈರ್ಯವಾಗಿ ನಿಲ್ಲು ಎಂದೆ. "ಮನಿಯಾಗ ಹೇಳ್ತೀನಿ ಅಕ್ಕಾ, ಇವರಿಗಿ ಬರಬ್ಯಾಡ್ರಿ ಅಂತ ಹೇಳ್ತೀನಿ," ಎಂದಳು. ದನಿಯಲ್ಲಿ ಬಹಳ ದಿನದ ಮೇಲೆ ಗೆಲುವಿತ್ತು.

ಮರುದಿನ ನಾವಿಬ್ಬರೂ ಮಧ್ಯಾಹ್ನವೇ ಯೆಣೆಗೂರಿಗೆ ಹೋಗಿ, ಢಾಬಾದಲ್ಲಿ ಚಹಾ ಕುಡಿದು ಗಾಡಿಗೆ ಕಾದೆವು. ಮಾಮಾ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು, ಹಣೆಗೆ ವಿಭೂತಿ ಹಚ್ಚಿದ್ದರು. ಮಾತು ಕಡಿಮೆ. ಗಾಡಿ ಬಂದಾಗ ತುಂಬಿತ್ತು. ಹುಡುಗ ಡ್ರೈವರ್ ಅವರಿಗಾಗಿ ಮುಂದಿನ ಒಂದು ಸೀಟು ಹಿಡಿದಿಟ್ಟಿದ್ದ, ಗಾಜಿನ ಎದುರಿಗೇ. ನನಗೆ ಹಿಂದೆ ಜಾಗ ಸಿಕ್ಕಿತು. ಮಾಮಾ ಏಕೆ ಬಂದಿದ್ದಾರೆ ಎಂಬುದು ಗಾಡಿಯ ತುಂಬ ಆಗಲೇ ಗೊತ್ತಾಗಿತ್ತು, ಎಲ್ಲರೂ ಕತ್ತು ಚಾಚಿ ಮುಂದೆಯೇ ನೋಡುತ್ತಿದ್ದರು.

ಹೊತ್ತು ಮುಳುಗುತ್ತಿತ್ತು, ಬೆಳಕು ಇನ್ನೂ ಇತ್ತು. ಎರಡೂ ಕಡೆ ತೊಗರಿಯ ಹೊಲ. ಫಾಟಾ ಕಾಣಿಸಿತು, ತಗಡಿನ ಶೆಡ್ಡು ಕಾಣಿಸಿತು, ಶೆಡ್ಡಿನ ಮುಂದೆ ಒಬ್ಬ ಹೆಂಗಸು ಕಾಣಿಸಿದಳು. ಬೇಕೆಂದೇ ಇರಬೇಕು, ಹಸಿರು ಸೀರೆ ಉಟ್ಟಿದ್ದಳು. ಭುಜಕ್ಕೆ ಚೀಲ. ಕೈಯೆತ್ತಿದಳು. ಗಾಡಿ ನಿಧಾನವಾಯಿತು. ಡ್ರೈವರ್ ಹುಡುಗ ಮಾಮಾರ ಕಡೆ ತಿರುಗಿ, "ಮಾಮಾ, ನಿಂದರ್ಸಲಿ?" ಎಂದ. ಅವನ ಮಾತು ನನಗೆ ಹಿಂದಿನವರೆಗೂ ಕೇಳಿಸಿತು.

ಮಾಮಾ ಎರಡೂ ಕೈಯಿಂದ ಮುಂದಿನ ಸರಳನ್ನು ಹಿಡಿದಿದ್ದರು. "ಮಾಮಾ?" ಎಂದು ಹುಡುಗ ಮತ್ತೆ ಕೇಳಿದ. ಮಾಮಾರ ತಲೆ ಅಲುಗಲಿಲ್ಲ. ಆಕೆ ಕಿಟಕಿಯ ಪಕ್ಕದಲ್ಲೇ ಸರಿದು ಹೋದಳು, ಎತ್ತಿದ ಕೈ ಹಾಗೇ ಇತ್ತು. ಹುಡುಗ ಗೇರು ಬದಲಿಸಿ ಒತ್ತಿದ.

ನಾನು ಎದ್ದು ಕಿರುಚಿದೆ. ನಿಲ್ಲಿಸಿರಿ, ನಿಮ್ಮ ಮನೆ ಹಾಳಾಗ, ನಿಲ್ಲಿಸಿರಿ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಜನ ನನ್ನ ಸೆರಗು ಹಿಡಿದು ಕೂರಿಸಲು ನೋಡಿದರು. ಕಡೆಗೆ ಕಂಡಕ್ಟರ್ ಗಂಟೆ ಬಾರಿಸಿದ, ಗಾಡಿ ಬಹಳ ಮುಂದೆ ಹೋಗಿ ನಿಂತಿತು. ನಾನು ಇಳಿದೆ. ಮಾಮಾ ಇಳಿಯಲಿಲ್ಲ. ಹಿಂದೆ ತಗೊಳ್ಳಿ ಎಂದು ಹುಡುಗನಿಗೆ ಕೂಗಿದೆ. ಒಳಗಿನಿಂದ ಹತ್ತು ಬಾಯಿ, ನಡೀರಿ ನಡೀರಿ ಎಂದು ಕೂಗಿದವು. ಗಾಡಿ ಹೊರಟುಹೋಯಿತು.

ಹೆದ್ದಾರಿಯ ಅಂಚಿನಲ್ಲಿ ಒಬ್ಬಳೇ ಹಿಂದಕ್ಕೆ ನಡೆದೆ. ದೂರದಲ್ಲಿ ಆಕೆ ನಿಂತಲ್ಲೇ ನಿಂತಿದ್ದಳು, ನನ್ನ ಕಡೆ ಬರುತ್ತಿರಲಿಲ್ಲ. ಹಸಿರು ಸೀರೆ, ಅಲುಗಾಡದ ಆಕಾರ. ಯಾಕೆ ಸುಳ್ಳು ಹೇಳಲಿ, ನನ್ನ ಕಾಲುಗಳೂ ಒಂದು ಕ್ಷಣ ತಡೆದವು. ಆ ಕಥೆ ಹುಟ್ಟುವಾಗ ನಾನು ಎದುರಿಗೇ ಕೂತಿದ್ದೆ, ಆ ಹುಡುಗಿ ನಮ್ಮ ಅಂಗಡಿಯಲ್ಲಿ ಬೇಳೆ ಕೊಳ್ಳುವವಳು. ಆದರೂ ತಡೆದವು. ನನ್ನ ಮೇಲೆ ನನಗೇ ಅಸಹ್ಯವಾಗಿ ಓಡಿದೆ.

ಹತ್ತಿರ ಹೋದಾಗ ಆಕೆ ಕೇಳಿದ್ದು ಒಂದೇ ಮಾತು: "ಮಾಮಾ ಗಾಡಿಯಾಗ ಇದ್ರೇನ ಅಕ್ಕಾ?" ಇದ್ದರು ಎಂದೆ. ಆಕೆ ತಲೆಯಾಡಿಸಿದಳು. ಇಬ್ಬರೂ ಸೇರಿ ಕೈಯೆತ್ತಿದೆವು. ಒಂದು ಲಾರಿ ಹೋಯಿತು, ಒಂದು ಜೀಪು ಹೋಯಿತು. ಜೀಪಿನವನು ನಮ್ಮನ್ನು ನೋಡಿ ಗಾಜು ಏರಿಸಿಕೊಂಡ. ಈಗ ಇಬ್ಬರಿದ್ದಾರೆ ಎಂದು ಹೇಳಿಕೊಳ್ಳಲು ಅವನಿಗೂ ಒಂದು ಕಥೆ ಸಿಕ್ಕಿತು. ಕಡೆಗೆ ಆಕೆಯ ಗಂಡನಿಗೇ ಫೋನು ಮಾಡಬೇಕಾಯಿತು. ಅವನು ಬಂದು, ಯಾವ ಮಾತೂ ಆಡದೆ ನಮ್ಮಿಬ್ಬರನ್ನೂ ಒಂದೇ ಮೋಟರ್‌ಸೈಕಲ್ ಮೇಲೆ ಕೂರಿಸಿಕೊಂಡು ಉಮರ್ಗಾಕ್ಕೆ ತಂದ.

ಆ ದಿನದಿಂದ ಭೂತ ಪಕ್ಕಾ ಆಯಿತು. ಗಾಡಿ ತುಂಬ ಸಾಕ್ಷಿಗಳಿದ್ದರಲ್ಲ. ಕಥೆ ಕಟ್ಟಿದವನಿಗೇ ಬಾಯಿ ಬಿದ್ದುಹೋಯಿತು ಅಂದಮೇಲೆ ಅದು ಕಥೆ ಹೇಗಾದೀತು ಎಂದು ಬಜಾರೆಲ್ಲ ಆಡಿತು. ನರ್ಸ್ ಹುಡುಗಿಯ ಮಾವ ಹೇಳಿದ್ದನ್ನು ಹೇಳಿದಂತೆ ನಡೆಸಿದರು. ಕಂತ್ರಾಟು ಮುಂದುವರಿಸುವ ಕಾಗದಕ್ಕೆ ಆಕೆ ಸಹಿ ಹಾಕಲಿಲ್ಲ. ದವಾಖಾನೆಗೆ ಇನ್ನೂ ಯಾರೂ ಬಂದಿಲ್ಲ. ಆ ಊರಿನ ಬಸುರಿಯರು ಈಗ ಉಮರ್ಗಾದವರೆಗೆ ಬರುತ್ತಾರೆ, ಹೊತ್ತಿರುವಾಗ.

ನಾನು ಆಕೆಯ ಮನೆಗೆ ಹೋದೆ. ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ನಾವು ಅದೂ ಇದೂ ಮಾತಾಡಿದೆವು, ಬೈಠಕಿನ ಮಾತು ಇಬ್ಬರೂ ತೆಗೆಯಲಿಲ್ಲ. ಅಷ್ಟರಲ್ಲಿ ಮಾಮಾ ಬಂದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಎಂದು ನಿಂತರು. ಆ ಸಂಜೆಯ ನಂತರ ನಾನು ಅವರನ್ನು ನೋಡಿರಲಿಲ್ಲ. ನೋಡಬಾರದೆಂದೇ ಇದ್ದೆ. ಗಡ್ಡ ಬಿಟ್ಟಿದ್ದರು, ಒಮ್ಮೆಲೇ ಮುದುಕರಾಗಿದ್ದರು. ಆಕೆ ಎದ್ದು, "ಬರ್ರಿ ಮಾಮಾ, ಕುಂದರ್ರಿ," ಎಂದು ಚಾಪೆ ಹಾಸಿ, ಒಳಗೆ ಹೋಗಿ ಚಹಾ ತಂದಳು. ಮೂವರೂ ಕುಡಿದೆವು.

"ನನ್ನ ಮ್ಯಾಲ ಸಿಟ್ಟ ಅದ ಏನ್ ಯವ್ವಾ?" ಎಂದು ಮಾಮಾ ಕೇಳಿದರು.

ಆಕೆ ಜೋಳದ ಮೊರವನ್ನು ಬದಿಗೆ ಸರಿಸಿದಳು. ಆಮೇಲೆ, "ಕಥಿಗಿ ಸಿಟ್ಟಿಲ್ಲ ಮಾಮಾ. ಕಥಿ ಚಲೋ ಇತ್ತು, ನಾನೇ ಮೊದಲು ಚಪ್ಪಾಳಿ ಹೊಡದೀನಿ. ಮಂದಿ ನಂಬಿದ್ರು, ಅವರಿಗೇನು ಗೊತ್ತು. ಡ್ರೈವರ್‌ಗೂ ನಾ ಯಾರಂತ ಗೊತ್ತಿಲ್ಲ," ಎಂದಳು. ದನಿ ಏರಲಿಲ್ಲ. "ಆದ್ರ ಗಾಡಿ ನನ್ನ ಮುಂದ ಸಾವಕಾಶ ಬಂತು. ನೀವು ಗಾಜಿನ ಹಿಂದೇ ಕುಂತಿದ್ರಿ. ನಿಮ್ಮ ಮಾರಿ ನನಗ ಚಲೋತ್ನಾಗಿ ಕಂಡಿತು. ಅಷ್ಟು ಬೆಳಕಿತ್ತು."

ಮಾಮಾ ಕಪ್ಪನ್ನು ನೆಲದ ಮೇಲೆ ಇಟ್ಟರು. ಕತ್ತಲಿತ್ತು ಎನ್ನುತ್ತಾರೆ, ಕಣ್ಣು ಮಂಜು ಎನ್ನುತ್ತಾರೆ, ಅಕ್ಕ ಕಂಡಂತಾಯಿತು ಎನ್ನುತ್ತಾರೆ ಎಂದು ನಾನು ಕಾದೆ. ಏನಾದರೊಂದು ಹೇಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಹೌದವ್ವಾ," ಎಂದರು. "ನನಗೂ ನಿನ್ನ ಮಾರಿ ಕಂಡಿತು. ನೀನೇ ಅಂತ ಗೊತ್ತಿತ್ತು. ಕಥಿ ಸುಳ್ಳಾಗ್ತದಂತ ಬಾಯಿ ಬಿಡಲಿಲ್ಲ."

ಆಕೆ ಅವರ ಮುಖ ನೋಡಿದಳು. ಆಮೇಲೆ ಮೂರೂ ಕಪ್ಪು ಎತ್ತಿಕೊಂಡು ಒಳಗೆ ಹೋದಳು. ನಾವಿಬ್ಬರೂ ಕಾದೆವು. ಆಕೆ ಮತ್ತೆ ಹೊರಗೆ ಬರಲಿಲ್ಲ.